ಟೈರ್ ಒಂದೇ ಬದಿ ಸವೀತಿದೆಯಾ? ಹೊಸ ಟೈರ್ ಹಾಕಿಸೋ ಮುಂಚೆ ಅಲೈನ್‌ಮೆಂಟ್ ಕೋನಗಳ ಬಗ್ಗೆ ತಿಳ್ಕೊಳ್ಳಿ

ಬಾಗಲವಾಡ: "ಗಾಡಿ ಎಡಕ್ಕ ಎಳಿತೈತಿ, ಏನರ ಮಾಡ್ರಿ." ನಮ್ಮ ಕಡೆ ಗ್ಯಾರೇಜ್ ಮುಂದೆ ಅರ್ಧ ತಾಸು ಕುಂತರೆ ಈ ಮಾತು ಒಂದು ಸಲವಾದ್ರೂ ಕಿವಿಗೆ ಬೀಳುತ್ತೆ. ಪಿಕಪ್‌ನವರು ಹೇಳ್ತಾರೆ, ಕಾರಿನವರು ಹೇಳ್ತಾರೆ, ಟ್ರ್ಯಾಕ್ಟರ್‌ನವರು ಸ್ಟೇರಿಂಗ್ ಭಾರ ಆಗೇತಿ ಅಂತಾರೆ. ಉತ್ತರ ಮಾತ್ರ ಬಹಳ ಸಲ ಒಂದೇ: ಮುಂದಿನ ಟೈರ್ ಹಿಂದಕ್ಕೆ ಹಾಕು, ಹಿಂದಿನದು ಮುಂದಕ್ಕೆ ತಗೋ. ಎರಡು ತಿಂಗಳಾದ ಮೇಲೆ ಅದೂ ಸವೆದಿರುತ್ತೆ.

ಈ ವಿಷಯ ಬರೆಯೋಕೆ ನನಗೊಂದು ಕಾರಣ ಇದೆ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟ ಮೇಲೆ ಕೆಲ ಕಾಲ ನಮ್ಮ ಸೋದರಮಾವನ ಸೆಕೆಂಡ್ ಹ್ಯಾಂಡ್ ಪಿಕಪ್ ಓಡಿಸ್ತಿದ್ದೆ. ಹತ್ತಿ, ಮೆಣಸಿನಕಾಯಿ, ಗೊಬ್ಬರ, ಏನು ಸಿಕ್ಕರೆ ಅದು. ಸಾಲದ ಕಂತು ಇತ್ತು. ಮುಂದಿನ ಎರಡೂ ಟೈರ್ ಹೊಸದು ಹಾಕಿಸಿದ್ವಿ, ಅಂಗಡಿಯವರು ಅಲೈನ್‌ಮೆಂಟ್ ಮಾಡೀವಿ ಅಂತ ಬಿಲ್ಲಿನಲ್ಲೂ ಬರೆದಿದ್ರು. ಐದು ತಿಂಗಳಿಗೆ ಎಡಗಡೆ ಟೈರಿನ ಒಳ ಅಂಚು ತಂತಿ ಕಾಣೋವರೆಗೆ ಸವೆದಿತ್ತು. ಹೊರಗಿಂದ ನೋಡಿದರೆ ಹೊಸ ಟೈರ್, ಹೂವು ಹಂಗೇ ಇದೆ. ಒಳ ಅಂಚು ನೋಡೋಕೆ ಯಾರು ಬಗ್ಗಿ ನೋಡ್ತಾರೆ? ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್‌ಗೆ ಹೊರಟಿದ್ವಿ, ಮಧ್ಯಾಹ್ನದ ಬಿಸಿಲಲ್ಲಿ ಅದು ಸಿಡೀತು. ಗಾಡಿ ಎಡಕ್ಕೆ ವಾಲಿ ರಸ್ತೆ ಪಕ್ಕದ ಜಾಲಿಕಂಟಿಗೆ ಹೋಗಿ ನಿಂತಿತು. ಕಾಲುವೆ ದಂಡಿ ಆಗಿದ್ದರೆ ಇದನ್ನ ಬರೆಯೋಕೆ ನಾನಿರ್ತಿರಲಿಲ್ಲ. ಆಮೇಲೆ ಬಿಲ್ಲು ತೆಗೆದು ನೋಡಿದೆ. 'ಅಲೈನ್‌ಮೆಂಟ್' ಅನ್ನೋ ಪದ ಇತ್ತು, ಹಣ ಇತ್ತು, ಒಂದೇ ಒಂದು ಕೋನದ ಅಳತೆ ಇರಲಿಲ್ಲ.

ಹಂಗಾದರೆ ಆ ಅಳತೆ ಅಂದ್ರೆ ಏನು, ಅದನ್ನ ಓದೋದು ಹೆಂಗೆ, ನಮ್ಮ ಊರಲ್ಲೇ ಒಂದಿಷ್ಟು ತಪಾಸಣೆ ಮಾಡ್ಕೊಳ್ಳೋದು ಹೆಂಗೆ ಅನ್ನೋದು ಈ ಲೇಖನದ ವಿಷಯ.

ಬಂಡಿ ಕಾಲದಿಂದಲೂ ಇರೋ ವಿದ್ಯೆ

ಕೋನ, ಡಿಗ್ರಿ ಅಂದ ಕೂಡಲೇ ಇದು ಕಂಪ್ಯೂಟರ್ ಮಷಿನ್ ಬಂದ ಮೇಲೆ ಶುರುವಾಗಿದ್ದು ಅಂತ ತಿಳಿಯಬೇಡಿ. ಹಳೇ ಕಟ್ಟಿಗೆ ಗಾಲಿಯ ಬಂಡಿ ಎಲ್ಲಾದ್ರೂ ಉಳಿದಿದ್ದರೆ ಪಕ್ಕಕ್ಕೆ ನಿಂತು ಗಮನಿಸಿ. ಎಷ್ಟೋ ಗಾಲಿಗಳಲ್ಲಿ ಅರೆಗಳು ಚಪ್ಪಟೆಯಾಗಿ ಕೂತಿರಲ್ಲ, ನಡುವಿನ ಗುಂಬದಿಂದ ಹೊರಗಡೆಗೆ ತಟ್ಟೆ ಹಂಗೆ ಸ್ವಲ್ಪ ಬಾಗಿರುತ್ತವೆ. ಇಂಥ ಗಾಲಿಗೆ ಅಚ್ಚಿನ ತುದಿಯನ್ನ ತುಸು ಕೆಳಕ್ಕೆ ಬಾಗಿಸಿದರೆ ನೆಲದ ಕಡೆ ಇರೋ ಅರೆ ನೆಟ್ಟಗೆ ನಿಂತು ಭಾರ ಹೊರುತ್ತೆ. ಇವತ್ತು ಮಷಿನ್ ಪರದೆ ಮೇಲೆ 'ಕ್ಯಾಂಬರ್' ಅಂತ ತೋರಿಸೋದು ಇದೇ ವಾಲುವಿಕೆಯನ್ನ.

ಎರಡು ಗಾಲಿ ಬಂಡಿಗೆ ತಿರುಗೋದು ಕಷ್ಟ ಅಲ್ಲ, ಎತ್ತು ತಿರುಗಿದ ಕಡೆ ಬಂಡಿ ತಿರುಗುತ್ತೆ. ನಾಲ್ಕು ಗಾಲಿ ಬಂದಾಗ ತೊಂದರೆ ಶುರುವಾಯ್ತು. ಮುಂದಿನ ಅಚ್ಚು ಪೂರ್ತಿ ನಡುವಿನ ಗೂಟದ ಮೇಲೆ ತಿರುಗಬೇಕಿತ್ತು, ಜೋರಾಗಿ ತಿರುಗಿದರೆ ಗಾಡಿ ಮಗುಚುತ್ತಿತ್ತು. ಜರ್ಮನಿಯ ಮ್ಯೂನಿಕ್‌ನ ಗಾಡಿ ತಯಾರಕ ಗಿಯಾರ್ಗ್ ಲಾಂಕೆನ್ಸ್‌ಪರ್ಗರ್ ಅಚ್ಚನ್ನ ಹಂಗೇ ಬಿಟ್ಟು ಎರಡು ಗಾಲಿಗಳನ್ನ ಮಾತ್ರ ಬೇರೆ ಬೇರೆಯಾಗಿ ತಿರುಗಿಸೋ ಜೋಡಣೆ ಮಾಡಿದ. ಲಂಡನ್‌ನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಕಂಡುಹಿಡಿದವನ ಹೆಸರು ಮರೆತುಹೋಗಿ ಪೇಟೆಂಟ್ ಮಾಡಿಸಿದವನ ಹೆಸರು ಉಳೀತು. ಈಗಲೂ ಅದನ್ನ ಆಕರ್‌ಮನ್ ಸ್ಟೇರಿಂಗ್ ಅಂತಲೇ ಕರೀತಾರೆ.

ಅದರ ಲೆಕ್ಕ ಸರಳ. ಗಾಡಿ ತಿರುಗುವಾಗ ಒಳಗಿನ ಗಾಲಿ ಸಣ್ಣ ಸುತ್ತು ಹಾಕುತ್ತೆ, ಹೊರಗಿನದು ದೊಡ್ಡ ಸುತ್ತು. ಆದ್ದರಿಂದ ಎರಡೂ ಒಂದೇ ಕೋನಕ್ಕೆ ತಿರುಗಿದರೆ ಒಂದು ಗಾಲಿ ಉಜ್ಜಲೇಬೇಕು. ಮುಂದಿನ ಮತ್ತು ಹಿಂದಿನ ಗಾಲಿ ನಡುವೆ 2.4 ಮೀಟರ್, ಎಡ ಬಲ ಗಾಲಿ ನಡುವೆ 1.3 ಮೀಟರ್ ಇರೋ ಸಣ್ಣ ಕಾರು 6 ಮೀಟರ್ ತ್ರಿಜ್ಯದ ಸುತ್ತಲ್ಲಿ ತಿರುಗ್ತಿದೆ ಅಂತಿಟ್ಕೊಳ್ಳಿ. ಒಳಗಿನ ಗಾಲಿ ಸುಮಾರು 24 ಡಿಗ್ರಿ ತಿರುಗಬೇಕು, ಹೊರಗಿನದು ಸುಮಾರು 20 ಡಿಗ್ರಿ ಸಾಕು. ಈ ವ್ಯತ್ಯಾಸ ಸ್ಟೇರಿಂಗ್ ಆರ್ಮ್‌ನ ಆಕಾರದಲ್ಲೇ ಇರುತ್ತೆ, ನಟ್ಟು ತಿರುಗಿಸಿ ಸರಿ ಮಾಡೋದಲ್ಲ. ನೇರ ಹೋಗುವಾಗ ಎಲ್ಲ ಸರಿ ಇದ್ದು, ಸಣ್ಣ ತಿರುವಲ್ಲಿ ಮೆಲ್ಲಗೆ ಹೋದರೂ ಟೈರ್ ಕಿರ್ ಅನ್ನುತ್ತಿದ್ದರೆ ಆ ಆರ್ಮ್ ಬಾಗಿರಬಹುದು. ಬಾಗಿದ್ದನ್ನ ಕಾಸಿ ಬಡಿದು ನೆಟ್ಟಗೆ ಮಾಡಿಸಬೇಡಿ, ಬದಲಿಸಿ. ಕಾಸಿದ ಕಬ್ಬಿಣದ ಗಟ್ಟಿತನ ಹೋಗಿರುತ್ತೆ, ಅದು ಮುರಿದರೆ ಸ್ಟೇರಿಂಗ್ ಕೈಗೆ ಬರುತ್ತೆ.

ಟೋ: ದುಡ್ಡು ತಿನ್ನೋದು ಇದೇ

ಗಾಡಿಯನ್ನ ಮೇಲಿಂದ ನೋಡ್ತಿದ್ದೀರಿ ಅಂದ್ಕೊಳ್ಳಿ. ನಿಮ್ಮ ಎರಡು ಪಾದಗಳನ್ನೇ ಮುಂದಿನ ಗಾಲಿ ಮಾಡ್ಕೊಳ್ಳಿ. ಹೆಬ್ಬೆರಳು ಒಂದಕ್ಕೊಂದು ಹತ್ತಿರ ಬರೋ ಹಂಗೆ ನಿಂತರೆ ಟೋ-ಇನ್, ದೂರ ಹೋಗೋ ಹಂಗೆ ನಿಂತರೆ ಟೋ-ಔಟ್. ಟೋ ಅಂದ್ರೆ ಇಂಗ್ಲಿಷಲ್ಲಿ ಕಾಲ್ಬೆರಳು, ಹೆಸರು ಬಂದಿದ್ದೇ ಅಲ್ಲಿಂದ.

ಹಿಂದಿನ ಗಾಲಿಗೆ ಇಂಜಿನ್ ಶಕ್ತಿ ಹೋಗೋ ಪಿಕಪ್, ಜೀಪ್, ಲಾರಿಗಳಲ್ಲಿ ಓಡುವಾಗ ರಸ್ತೆಯ ತಡೆಯಿಂದ ಮುಂದಿನ ಗಾಲಿಗಳು ಹೊರಕ್ಕೆ ತೆರೆದುಕೊಳ್ಳೋಕೆ ನೋಡುತ್ತವೆ. ಅದಕ್ಕೇ ನಿಂತಾಗ ಸ್ವಲ್ಪ ಟೋ-ಇನ್ ಇಟ್ಟಿರ್ತಾರೆ, ಓಡುವಾಗ ನೇರ ಆಗಲಿ ಅಂತ. ಮುಂದಿನ ಗಾಲಿಯೇ ಎಳೆಯೋ ಸಣ್ಣ ಕಾರುಗಳಲ್ಲಿ ಇದು ಉಲ್ಟಾ, ಆದ್ದರಿಂದ ಸೊನ್ನೆ ಅಥವಾ ಸೊನ್ನೆಯ ಆಸುಪಾಸು ಇರುತ್ತೆ. ಪ್ರತಿ ಮಾಡೆಲ್‌ಗೂ ಅಳತೆ ಬೇರೆ, ಗಾಡಿ ಜತೆ ಬರೋ ಪುಸ್ತಕದಲ್ಲಿ ಅಥವಾ ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಕೊಟ್ಟಿರ್ತಾರೆ. "ಎಲ್ಲಾ ಗಾಡಿಗೂ ಎರಡು ಎಂ.ಎಂ. ಇಡ್ರಿ" ಅನ್ನೋ ಮೇಸ್ತ್ರಿಯ ಮಾತು ಕೇಳಬೇಡಿ.

ಎರಡು ಮೂರು ಮಿಲಿಮೀಟರ್ ಹೆಚ್ಚು ಕಡಿಮೆ ಆದರೆ ಏನಾಗುತ್ತೆ ಮಹಾ? ಲೆಕ್ಕ ಹಾಕಿ ನೋಡೋಣ. 14 ಇಂಚಿನ ಡಿಸ್ಕ್ ಅಂದ್ರೆ ಸುಮಾರು 355 ಮಿ.ಮೀ. ಅಳತೆಗಿಂತ ಒಟ್ಟು 3 ಮಿ.ಮೀ. ಜಾಸ್ತಿ ಟೋ ಇದ್ದರೆ ಒಂದೊಂದು ಗಾಲಿಗೆ 1.5 ಮಿ.ಮೀ. ಪಾಲು. 1.5ನ್ನ 355ರಿಂದ ಭಾಗಿಸಿ. ಒಂದು ಕಿ.ಮೀ. ಓಡಿದಾಗ ಪ್ರತಿ ಟೈರ್ ಸುಮಾರು 4.2 ಮೀಟರ್‌ನಷ್ಟು ಅಡ್ಡಡ್ಡ ಉಜ್ಜಿದ ಲೆಕ್ಕ. 10,000 ಕಿ.ಮೀ.ಗೆ ಅದು 42 ಕಿ.ಮೀ. ಟೈರನ್ನ ಡಾಂಬರಿನ ಮೇಲೆ ಅಡ್ಡ ಹಿಡಿದು 42 ಕಿ.ಮೀ. ಎಳೆದುಕೊಂಡು ಹೋದರೆ ಉಳಿಯುತ್ತಾ? ನಿಜದಲ್ಲಿ ರಬ್ಬರ್ ಒಂದಿಷ್ಟು ಬಾಗಿ ಸಹಿಸಿಕೊಳ್ಳುತ್ತೆ, ಪೂರ್ತಿ ಉಜ್ಜಲ್ಲ, ಆದರೆ ಸವೆತ ಯಾಕೆ ಅಷ್ಟು ಜೋರು ಅನ್ನೋದು ಇದರಿಂದ ತಿಳಿಯುತ್ತೆ. ಉಜ್ಜಾಟಕ್ಕೆ ಬೇಕಾದ ಶಕ್ತಿಯೂ ನಿಮ್ಮ ಡೀಸೆಲ್‌ನಿಂದಲೇ ಹೋಗೋದು. ಉಜ್ಜಿದ ಟೈರ್ ಬಿಸಿಯಾಗುತ್ತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಕಡಿಮೆ ಗಾಳಿ, ಜಾಸ್ತಿ ಲೋಡು ಸೇರಿದರೆ ಏನಾಗುತ್ತೆ ಅನ್ನೋದನ್ನ ನಾನು ಜಾಲಿಕಂಟಿಯಲ್ಲಿ ಕುಂತು ಕಲಿತೆ.

ಟೋ ತಪ್ಪಿದ್ದನ್ನ ಕೈಯಿಂದಲೇ ಹಿಡೀಬಹುದು. ಗಾಡಿ ನಿಲ್ಲಿಸಿ, ಟೈರ್ ತಣ್ಣಗಾದ ಮೇಲೆ, ಅದರ ಹೂವಿನ ಮೇಲೆ ಅಂಗೈಯನ್ನ ಅಡ್ಡಡ್ಡ ಸವರಿ. ಒಂದು ಕಡೆಗೆ ಸವರಿದಾಗ ನುಣುಪು, ವಾಪಸ್ ತರುವಾಗ ಗರಗಸದ ಹಲ್ಲಿನಂಗೆ ತಾಕಿದರೆ ಟೋ ತಪ್ಪಿದೆ. ಗಾಡಿಯ ಒಳಗಡೆಯಿಂದ ಹೊರಗಡೆಗೆ ಕೈ ತರುವಾಗ ಚುಚ್ಚಿದರೆ ಟೋ-ಇನ್ ಜಾಸ್ತಿ, ಹೊರಗಿಂದ ಒಳಗೆ ಒಯ್ಯುವಾಗ ಚುಚ್ಚಿದರೆ ಟೋ-ಔಟ್ ಜಾಸ್ತಿ. ಮೊದಲೇ ಹೇಳ್ತೀನಿ, ಒಳ ಅಂಚಲ್ಲಿ ತಂತಿ ಎದ್ದಿದ್ದರೆ ಕೈ ಕೊಯ್ಯುತ್ತೆ, ಮೊದಲು ಕಣ್ಣಲ್ಲಿ ನೋಡಿ.

ಕ್ಯಾಂಬರ್ ಮತ್ತು ಕ್ಯಾಸ್ಟರ್

ಗಾಡಿಯ ಎದುರಿಗೆ ನಿಂತು ನೋಡಿದಾಗ ಗಾಲಿಯ ತಲೆ ಹೊರಗೆ ವಾಲಿದ್ದರೆ ಪಾಸಿಟಿವ್ ಕ್ಯಾಂಬರ್, ಒಳಗೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್. ಪಾಸಿಟಿವ್ ಜಾಸ್ತಿಯಾದರೆ ಹೊರ ಅಂಚು ಸವೆಯುತ್ತೆ, ನೆಗೆಟಿವ್ ಜಾಸ್ತಿಯಾದರೆ ಒಳ ಅಂಚು. ಇಲ್ಲಿ ಗರಗಸ ಇರಲ್ಲ, ಒಂದು ಬದಿ ನುಣ್ಣಗೆ ಬೋಳಾಗುತ್ತೆ. ಎರಡೂ ಗಾಲಿಯ ಕ್ಯಾಂಬರ್ ಬೇರೆ ಬೇರೆ ಇದ್ದರೆ, ಯಾವ ಕಡೆ ಪಾಸಿಟಿವ್ ಜಾಸ್ತಿಯೋ ಆ ಕಡೆ ಗಾಡಿ ಎಳೆಯುತ್ತೆ. ಬಳೆಯನ್ನ ವಾಲಿಸಿ ಉರುಳಿಸಿದರೆ ವಾಲಿದ ಕಡೆಗೇ ಹೋಗಲ್ವಾ, ಹಂಗೆ.

ಗುಂಡಿಗೆ ಬಿದ್ದ ಗಾಡಿ, ಸ್ಪ್ರಿಂಗ್ ಕುಸಿದ ಗಾಡಿ, ಸ್ಟ್ರಟ್ ಬಾಗಿದ ಗಾಡಿಗಳಲ್ಲಿ ಕ್ಯಾಂಬರ್ ಮೊದಲು ತಪ್ಪುತ್ತೆ. ಊರಲ್ಲೇ ಪರೀಕ್ಷೆ ಮಾಡೋಕೆ ಗೌಂಡಿಯವರ ತೂಗುಗುಂಡು ಸಾಕು. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಗುಂಡಿನ ದಾರವನ್ನ ಗಾಲಿಯ ಪಕ್ಕ ಇಳಿಬಿಟ್ಟು, ಡಿಸ್ಕಿನ ಮೇಲಂಚು ಮತ್ತು ಕೆಳಂಚಿನಿಂದ ದಾರಕ್ಕೆ ಎಷ್ಟು ದೂರ ಇದೆ ಅಳೆಯಿರಿ. 14 ಇಂಚಿನ ಡಿಸ್ಕಿನಲ್ಲಿ 6 ಮಿ.ಮೀ. ವ್ಯತ್ಯಾಸ ಬಂದರೆ ಸುಮಾರು 1 ಡಿಗ್ರಿ. ಎಡ ಬಲ ಎರಡೂ ಅಳೆಯಿರಿ. ಒಂದು ಕಡೆ 2 ಮಿ.ಮೀ., ಇನ್ನೊಂದು ಕಡೆ 12 ಮಿ.ಮೀ. ಬಂತಂದ್ರೆ ಮಷಿನ್‌ವರೆಗೆ ಹೋಗೋ ಮುಂಚೆಯೇ ಏನೋ ಬಾಗಿದೆ ಅಂತ ಗೊತ್ತಾಯ್ತು.

ಕ್ಯಾಸ್ಟರ್ ತಿಳಿಯೋಕೆ ಸೈಕಲ್ ನೋಡಿ. ಮುಂದಿನ ಫೋರ್ಕ್ ನೆಟ್ಟಗೆ ಇರಲ್ಲ, ಮೇಲ್ಭಾಗ ಹಿಂದಕ್ಕೆ ವಾಲಿರುತ್ತೆ. ಅದಕ್ಕೇ ಕೈಬಿಟ್ಟರೂ ಸೈಕಲ್ ನೇರ ಹೋಗೋಕೆ ಸಹಾಯ ಆಗುತ್ತೆ. ಆಸ್ಪತ್ರೆಯ ಸ್ಟ್ರೆಚರ್ ಗಾಲಿಯೂ ಅಷ್ಟೇ, ತಿರುಗೋ ಗೂಟದ ಹಿಂದೆ ಹಿಂದೆ ಬರುತ್ತೆ. ಗಾಡಿಯಲ್ಲೂ ಗಾಲಿ ತಿರುಗೋ ಗೆರೆ ಹಿಂದಕ್ಕೆ ವಾಲಿದ್ದರೆ ಅದು ಪಾಸಿಟಿವ್ ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನೇ ವಾಪಸ್ ಬರೋಕೆ ಮುಖ್ಯ ಕಾರಣ ಇದು. ಕಡಿಮೆಯಾದರೆ ಗಾಡಿ ರಸ್ತೆ ಮೇಲೆ ಅಲೆದಾಡುತ್ತೆ, ಜಾಸ್ತಿಯಾದರೆ ಸ್ಟೇರಿಂಗ್ ಭಾರ. ಎರಡು ಕಡೆ ಬೇರೆ ಬೇರೆ ಇದ್ದರೆ ಯಾವ ಕಡೆ ಕಡಿಮೆಯೋ ಆ ಕಡೆಗೆ ಎಳೆಯುತ್ತೆ. ವಿಶೇಷ ಏನಂದ್ರೆ ಕ್ಯಾಸ್ಟರ್ ನೇರವಾಗಿ ಟೈರ್ ತಿನ್ನಲ್ಲ. ಟೈರ್ ನೋಡಿ ಅದನ್ನ ಕಂಡುಹಿಡಿಯೋಕೆ ಆಗಲ್ಲ, ಅಳೆಯಲೇಬೇಕು.

ಪಿಕಪ್‌ನ ಹಿಂದೆ ಮಿತಿ ಮೀರಿ ಹೇರಿದಾಗ ಮೂತಿ ಮೇಲೇಳುತ್ತಲ್ಲ, ಆಗ ಈ ಕೋನಗಳೂ ಬದಲಾಗುತ್ತವೆ, ಮುಂದಿನ ಗಾಲಿ ಮೇಲಿನ ಭಾರವೂ ಕಡಿಮೆಯಾಗುತ್ತೆ. "ಲೋಡಿದ್ದಾಗ ಸ್ಟೇರಿಂಗ್ ಹಗುರ, ಹೂವು ಎತ್ತಿದಂಗ" ಅಂತ ಡ್ರೈವರ್‌ಗಳು ಖುಷಿಯಿಂದ ಹೇಳ್ತಾರೆ. ಖುಷಿಪಡೋ ವಿಷಯ ಅಲ್ಲ, ಮುಂದಿನ ಟೈರ್ ರಸ್ತೆಯ ಹಿಡಿತ ಬಿಡ್ತಿದೆ ಅಂತರ್ಥ.

ಇನ್ನೊಂದು ಕೋನ ಪ್ರಿಂಟ್‌ನಲ್ಲಿ ಎಸ್‌ಎಐ ಅಂತ ಬರುತ್ತೆ. ಎದುರಿಂದ ನೋಡಿದಾಗ ಗಾಲಿ ತಿರುಗೋ ಗೆರೆ ಒಳಗೆ ಎಷ್ಟು ವಾಲಿದೆ ಅನ್ನೋದು. ಲಾರಿಯವರ ಭಾಷೆಯಲ್ಲಿ ಕಿಂಗ್‌ಪಿನ್ ವಾಲು. ಇದನ್ನ ಯಾರೂ ಹೊಂದಿಸಲ್ಲ, ಆದರೆ ಗಾಡಿ ಆಕ್ಸಿಡೆಂಟ್ ಆಗಿದೆಯಾ ಅನ್ನೋ ಗುಟ್ಟು ಇದರಲ್ಲಿರುತ್ತೆ. ಎಸ್‌ಎಐ ಎರಡೂ ಕಡೆ ಒಂದೇ ಇದ್ದು ಕ್ಯಾಂಬರ್ ಮಾತ್ರ ತಪ್ಪಿದ್ದರೆ ಸ್ಟ್ರಟ್ ಅಥವಾ ನಕಲ್ ಬಾಗಿರುತ್ತೆ. ಎರಡೂ ತಪ್ಪಿದ್ದು, ಕೂಡಿಸಿದರೆ ಮೊತ್ತ ಸರಿ ಬಂದರೆ ಕೆಳಗಿನ ಆರ್ಮ್ ಅಥವಾ ಕ್ರಾಸ್ ಮೆಂಬರ್ ಜರುಗಿರುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಮುಂಗಡ ಕೊಡೋ ಮುಂಚೆ ಒಂದು ಅಲೈನ್‌ಮೆಂಟ್ ಪ್ರಿಂಟ್ ತೆಗೆಸಿದರೆ ಮಾರೋರ ಬಾಯಿ ಮಾತಿಗಿಂತ ಜಾಸ್ತಿ ತಿಳಿಯುತ್ತೆ. ನಾವು ತೆಗೆಸಿರಲಿಲ್ಲ. ಆಮೇಲೆ ಬೇರೆ ಕಡೆ ತೆಗೆಸಿದಾಗ ಎಡಗಡೆ ನಕಲ್ ಬಾಗಿದ್ದು ಗೊತ್ತಾಯ್ತು. ನಮಗೆ ಮಾರಿದವರಿಗೆ ಅದು ಗೊತ್ತಿತ್ತೋ ಇಲ್ಲವೋ, ಟೈರ್ ಅಂಗಡಿಯ ಮಷಿನ್‌ಗಂತೂ ಕಾಣಲೇಬೇಕಿತ್ತು.

ಟ್ರ್ಯಾಕ್ಟರ್ ಮತ್ತು ಟ್ರಾಲಿ ಮಾಲೀಕರಿಗೆ

ಅಲೈನ್‌ಮೆಂಟ್ ಅಂದ್ರೆ ಕಾರಿನವರ ಶೋಕಿ ಅಂತ ಟ್ರ್ಯಾಕ್ಟರ್‌ನವರು ತಿಳಿದಿದ್ದಾರೆ. ನಮ್ಮ ಕಡೆ ಅದು ಬೇಕಾಗಿರೋದು ಅವರಿಗೇ ಜಾಸ್ತಿ.

ಹತ್ತಿ, ತೊಗರಿ ಸಾಲಿಗೆ ತಕ್ಕಂಗೆ ಟ್ರ್ಯಾಕ್ಟರ್‌ನ ಮುಂದಿನ ಗಾಲಿಗಳ ಅಂತರ ಅಗಲ ಮಾಡ್ತಾರೆ, ಕಿರಿದು ಮಾಡ್ತಾರೆ. ಮುಂದಿನ ಅಚ್ಚಿನಲ್ಲಿ ಅದಕ್ಕೇ ಸಾಲು ತೂತುಗಳಿರ್ತವೆ. ಬೋಲ್ಟ್ ತೆಗೆದು ಒಂದು ತೂತು ಹೊರಗೆ ಎಳೆದರೆ ಟೈ ರಾಡನ್ನೂ ಅಷ್ಟೇ ಉದ್ದ ಮಾಡಬೇಕು, ಎರಡೂ ಕಡೆ ಸಮನಾಗಿ. ಅವಸರದಲ್ಲಿ ಅಚ್ಚು ಎಳೀತಾರೆ, ಟೈ ರಾಡ್ ಹೊಂದಿಕೊಂಡಷ್ಟು ಹೊಂದಿಸಿ ಬಿಡ್ತಾರೆ. ಹೊಲದ ಮಣ್ಣಲ್ಲಿ ಗೊತ್ತಾಗಲ್ಲ. ಡಾಂಬರಿಗೆ ಬಂದಾಗ ಮುಂದಿನ ಟೈರ್ ನಡುಗುತ್ತೆ, ಒಂದು ಹಂಗಾಮಿಗೆ ಗೆರೆ ಮಾಯ ಆಗುತ್ತೆ. ಅಚ್ಚಿನ ಅಗಲ ಬದಲಿಸಿದ ದಿನವೇ ಟೇಪ್ ಹಿಡಿದು ಎರಡು ಡಿಸ್ಕುಗಳ ಮುಂದಿನ ಅಂಚಿನ ಅಂತರ, ಹಿಂದಿನ ಅಂಚಿನ ಅಂತರ ಅಳೀರಿ. ಗಾಲಿಯ ನಡುಮಟ್ಟದ ಎತ್ತರದಲ್ಲೇ ಅಳೀಬೇಕು. ಡಿಸ್ಕ್ ಸೊಟ್ಟ ಇದ್ದರೆ ಲೆಕ್ಕ ತಪ್ಪುತ್ತೆ, ಅದಕ್ಕೆ ಮುಂದಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಳೆದು, ಗಾಡಿಯನ್ನ ಮುಂದೆ ತಳ್ಳಿ ಅದೇ ಗುರುತು ಹಿಂದಕ್ಕೆ ಬಂದಾಗ ಮತ್ತೆ ಅಳೀರಿ. ಮುಂದಿನದು ಹಿಂದಿನದಕ್ಕಿಂತ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು, ಎಷ್ಟು ಅಂತ ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿದೆ.

ಟ್ರಾಲಿಯದ್ದು ಬೇರೆ ಕಥೆ. ಹತ್ತಿ ಅಂಡಿಗೆ, ಭತ್ತದ ಚೀಲ ಹೇರಿದ ಟ್ರಾಲಿಗಳು ಏಡಿ ಹಂಗೆ ಸೊಟ್ಟ ನಡೀತಿರೋದನ್ನ ಮಾನ್ವಿ ರಸ್ತೆಯಲ್ಲಿ, ರಾಯಚೂರು ರಸ್ತೆಯಲ್ಲಿ ನೀವೂ ನೋಡಿರ್ತೀರಿ. ಹಿಂದೆ ಬರೋ ಬೈಕಿನವನಿಗೆ ಟ್ರಾಲಿ ಎಷ್ಟು ಜಾಗ ತಿನ್ನುತ್ತೆ ಅಂತ ತಿಳಿಯಲ್ಲ, ರಾತ್ರಿ ಲೈಟ್ ಇಲ್ಲದಿದ್ದರೆ ಕೇಳೋದೇ ಬೇಡ. ಪಾಟಾ ಹಿಡಿದಿರೋ ನಡುವಿನ ಬೋಲ್ಟ್ ತುಂಡಾಗಿ ಅಥವಾ ಯು-ಬೋಲ್ಟ್ ಸಡಿಲಾಗಿ ಅಚ್ಚು ಒಂದು ಕಡೆ ಹಿಂದಕ್ಕೆ ಜರುಗಿದಾಗ ಹಿಂಗಾಗುತ್ತೆ. ಇದಕ್ಕೆ ಯಾವ ಮಷಿನ್ನೂ ಬೇಡ. ಎರಡು ಗಾಲಿಯ ಟ್ರಾಲಿಯಾದರೆ, ಟ್ರ್ಯಾಕ್ಟರ್‌ಗೆ ಸಿಕ್ಕಿಸೋ ಕೊಂಡಿಯ ನಡುವಿನಿಂದ ಅಚ್ಚಿನ ಎಡ ತುದಿಗೆ ಒಮ್ಮೆ, ಬಲ ತುದಿಗೆ ಒಮ್ಮೆ ದಾರ ಹಿಡಿಯಿರಿ. ಎರಡೂ ಉದ್ದ ಒಂದೇ ಇರಬೇಕು. ಇಲ್ಲದಿದ್ದರೆ ಅಚ್ಚು ಜರುಗಿದೆ. ಕಾರು, ಲಾರಿಯಲ್ಲಿ ಇದೇ ದೋಷಕ್ಕೆ ಪ್ರಿಂಟ್‌ನಲ್ಲಿ 'ಥ್ರಸ್ಟ್ ಆಂಗಲ್' ಅಂತ ಹೆಸರು. ಹಿಂದಿನ ಅಚ್ಚು ಗಾಡಿಯ ನಡುಗೆರೆಗೆ ಎಷ್ಟು ಸೊಟ್ಟ ತಳ್ಳುತ್ತೆ ಅನ್ನೋ ಅಳತೆ. ಗಾಡಿ ನೇರ ಹೋಗುವಾಗಲೂ ಸ್ಟೇರಿಂಗ್ ಸೊಟ್ಟ ಇದ್ದರೆ ಇದನ್ನೂ ನೋಡಿಸಬೇಕು.

ಊರಲ್ಲೇ ದಾರ ಕಟ್ಟಿ ನೋಡೋ ವಿಧಾನ

ಕಾರು, ಪಿಕಪ್‌ಗೆ ದಾರದ ಪರೀಕ್ಷೆ ಮಾಡೋಕೆ ಸಮ ನೆಲ ಬೇಕು. ಭತ್ತ ಒಣಗಿಸೋ ಸಿಮೆಂಟ್ ಕಣ ಇದಕ್ಕೆ ಒಳ್ಳೇ ಜಾಗ. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಸ್ಟೇರಿಂಗ್ ನೇರ ಮಾಡಿ, ಗಾಡಿಯನ್ನ ಹತ್ತು ಹೆಜ್ಜೆ ಮುಂದೆ ಉರುಳಿಸಿ ನಿಲ್ಲಿಸಿ. ಎರಡೂ ಬದಿಗೆ, ಗಾಲಿಯ ನಡುಮಟ್ಟಕ್ಕೆ, ಮುಂದಿನಿಂದ ಹಿಂದಿನವರೆಗೆ ನೈಲಾನ್ ದಾರ ಬಿಗಿಯಾಗಿ ಕಟ್ಟಿ. ಕಲ್ಲಿನ ಮೇಲೆ ಇಟ್ಟ ಕಬ್ಬಿಣದ ಸರಳಿಗೆ ಕಟ್ಟಿದರೂ ನಡೆಯುತ್ತೆ. ಎರಡು ದಾರಗಳ ನಡುವಿನ ಅಂತರ ಗಾಡಿಯ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಮುಂದಿನ ಎರಡು ಗಾಲಿಯ ನಡುವಿನಿಂದ ದಾರಕ್ಕೆ ಎಡ ಬಲ ಸಮ ದೂರ, ಹಿಂದಿನ ಎರಡಕ್ಕೂ ಎಡ ಬಲ ಸಮ ದೂರ ಇರಬೇಕು. ಮುಂದಿನ ದೂರ ಹಿಂದಿನ ದೂರಕ್ಕೆ ಸಮ ಇರಲೇಬೇಕು ಅಂತಿಲ್ಲ, ಯಾಕಂದ್ರೆ ಬಹಳ ಗಾಡಿಗಳಲ್ಲಿ ಅಗಲ ಬೇರೆ ಬೇರೆ. ಈ ದಾರ ಹೊಂದಿಸೋದೇ ಅರ್ಧ ತಾಸಿನ ಕೆಲಸ, ಬೇಸರ ಮಾಡ್ಕೋಬೇಡಿ.

ಆಮೇಲೆ ಸುಲಭ. ಒಂದೊಂದು ಡಿಸ್ಕಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಉಕ್ಕಿನ ಸ್ಕೇಲ್ ಹಿಡಿಯಿರಿ. ಮುಂದಿನ ಅಂಚು ದಾರದಿಂದ ಜಾಸ್ತಿ ದೂರ ಇದ್ದರೆ ಆ ಗಾಲಿ ಟೋ-ಇನ್, ಹತ್ತಿರ ಇದ್ದರೆ ಟೋ-ಔಟ್. ಎಡ ಬಲ ಎರಡರ ವ್ಯತ್ಯಾಸ ಕೂಡಿಸಿದರೆ ಒಟ್ಟು ಟೋ. ಇದು ಮಷಿನ್ ಕೊಡೋ ನಿಖರತೆ ಕೊಡಲ್ಲ, ಆದರೆ ನಾಲ್ಕೈದು ಮಿ.ಮೀ. ತಪ್ಪಿದ್ದರೆ ಖಂಡಿತ ತೋರಿಸುತ್ತೆ. ಟೈ ರಾಡ್ ತಿರುಗಿಸೋದನ್ನ ಮಾತ್ರ ಮೆಕ್ಯಾನಿಕ್‌ಗೆ ಬಿಡಿ. ಎರಡೂ ಕಡೆ ಸಮ ತಿರುಗಿಸಬೇಕು, ಒಂದೇ ಕಡೆ ತಿರುಗಿಸಿದರೆ ಸ್ಟೇರಿಂಗ್ ಸೊಟ್ಟ ನಿಲ್ಲುತ್ತೆ. ಲಾಕ್ ನಟ್ ಬಿಗಿ ಮಾಡೋದು ಮರೆತರೆ ಮಾಡಿದ್ದೆಲ್ಲ ವಾರದೊಳಗೆ ಹೋಗುತ್ತೆ.

ಎಳೆಯೋದೆಲ್ಲ ಅಲೈನ್‌ಮೆಂಟ್ ಅಲ್ಲ

ಮಳೆ ನೀರು ಹರಿಯಲಿ ಅಂತ ರಸ್ತೆಯನ್ನ ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರ್ತಾರೆ, ಡಾಂಬರ್ ರಸ್ತೆಯಲ್ಲಿ ಸುಮಾರು ಶೇ. 2ರಷ್ಟು. ನಾವು ಎಡಗಡೆ ಓಡಿಸೋದ್ರಿಂದ ಯಾವ ಗಾಡಿಯಾದ್ರೂ ಕೈಬಿಟ್ಟರೆ ಮೆಲ್ಲಗೆ ಎಡಕ್ಕೆ ಜಾರುತ್ತೆ. ಕಪ್ಪು ಮಣ್ಣಿನ ಮೇಲೆ ಹಾಕಿದ ನಮ್ಮ ರಸ್ತೆಗಳಲ್ಲಂತೂ ಮಣ್ಣು ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿದು ಅಂಚು ಕುಸಿದಿರುತ್ತೆ, ಜಾರೋದು ಇನ್ನೂ ಜಾಸ್ತಿ. ಸಮ ಇರೋ ಕಡೆ, ಗಾಡಿಗಳಿಲ್ಲದ ಹೊತ್ತಲ್ಲಿ, ನಿಧಾನಕ್ಕೆ ಓಡಿಸಿ ನೋಡಿದ ಮೇಲೆ ತೀರ್ಮಾನ ಮಾಡಿ.

ಎಡ ಬಲ ಮುಂದಿನ ಟೈರ್ ಅದಲು ಬದಲು ಮಾಡಿದಾಗ ಎಳೆಯೋ ದಿಕ್ಕೂ ಬದಲಾದರೆ ದೋಷ ಟೈರಿನದ್ದು. ತಿರುಗೋ ದಿಕ್ಕಿನ ಬಾಣದ ಗುರುತು ಇರೋ ಟೈರ್‌ಗಳನ್ನ ಮಾತ್ರ ಹಿಂಗೆ ಬದಲಿಸಬೇಡಿ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಬ್ರೇಕಿನದ್ದು. ಓಡಿಸಿ ಬಂದ ಮೇಲೆ ಒಂದು ಡಿಸ್ಕ್ ಇನ್ನೊಂದಕ್ಕಿಂತ ಕಾಯ್ದಿದ್ದರೆ ಬ್ರೇಕ್ ಹಿಡಿದಿದೆ. ವೇಗ ಹೆಚ್ಚಾದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಬಹುತೇಕ ಅದು ಬ್ಯಾಲೆನ್ಸಿಂಗ್, ಡಿಸ್ಕಿಗೆ ಸಣ್ಣ ತೂಕ ಬಡಿಯೋ ಕೆಲಸ. ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ, ಒಂದು ಮಾಡಿ ಇನ್ನೊಂದು ಮಾಡಿದೆ ಅಂದರೆ ನಂಬಬೇಡಿ. ಟೈರಿನ ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ನಡು ಸವೆದು ಅಂಚು ಉಳಿದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ತಗ್ಗು ಬಿದ್ದಂಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿರೋ ಸಾಧ್ಯತೆ ಹೆಚ್ಚು.

ಆಟೋದವರಿಗೆ ಮುಂದೆ ಒಂದೇ ಗಾಲಿ, ಅಲ್ಲಿ ಟೋ ಪ್ರಶ್ನೆ ಇಲ್ಲ. ಫೋರ್ಕ್ ಬಾಗಿದೆಯಾ, ಹಿಂದಿನ ಆರ್ಮ್ ಬುಷ್ ಸವೆದಿದೆಯಾ ನೋಡಿದರೆ ಸಾಕು. ಬೈಕಿನವರು ಚೈನ್ ಬಿಗಿ ಮಾಡುವಾಗ ಎರಡೂ ಬದಿಯ ಗೆರೆಗಳನ್ನ ಸಮ ಇಡಬೇಕು.

ಅಂಗಡಿಯಲ್ಲಿ ಏನು ಕೇಳಬೇಕು

ಗಾಡಿ ಮಷಿನ್ ಮೇಲೆ ಹತ್ತಿಸೋ ಮುಂಚೆ ಮುಂದಿನ ಗಾಲಿ ಜಾಕ್ ಮೇಲೆ ಎತ್ತಿಸಿ ಅಲ್ಲಾಡಿಸಿ ನೋಡೋಕೆ ಹೇಳಿ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬೇರಿಂಗ್, ಬುಷ್ ಯಾವುದಾದ್ರೂ ಲೂಸ್ ಇದ್ದರೆ ಮೊದಲು ಅದನ್ನ ಬದಲಿಸಬೇಕು. ಲೂಸ್ ಇದ್ದಂಗೇ ಕೋನ ಹೊಂದಿಸೋದು ಅಲ್ಲಾಡೋ ಕಂಬಕ್ಕೆ ತೂಗುಗುಂಡು ಬಿಟ್ಟಂಗೆ. ಆಮೇಲೆ ಹಿಂದಿನ ಗಾಲಿ ಅಳತೆ, ಮುಂದಿನ ಕ್ಯಾಸ್ಟರ್, ಕ್ಯಾಂಬರ್, ಕೊನೆಗೆ ಟೋ. ಈ ಕ್ರಮ ಯಾಕಂದ್ರೆ ಕ್ಯಾಂಬರ್ ಅಥವಾ ಕ್ಯಾಸ್ಟರ್ ಬದಲಿಸಿದರೆ ಟೋ ಬದಲಾಗುತ್ತೆ.

ಬಹಳ ಸಣ್ಣ ಕಾರುಗಳಲ್ಲಿ ಮುಂದಿನ ಟೋ ಒಂದೇ ಹೊಂದಿಸೋಕೆ ಆಗೋದು, ಉಳಿದದ್ದಕ್ಕೆ ನಟ್ಟೇ ಇರಲ್ಲ. ಅದು ತಪ್ಪಲ್ಲ. ಆದರೆ ಉಳಿದ ಕೋನ ಅಳತೆಯಲ್ಲಿ ಇಲ್ಲದಿದ್ದರೆ "ಟೋ ಮಾಡೀನಿ, ಆಯ್ತು" ಅನ್ನೋದು ತಪ್ಪು, ಏನೋ ಬಾಗಿದೆ ಅಂತ ಹೇಳಬೇಕಾದ್ದು ಅವರ ಕೆಲಸ. ಅದಕ್ಕೇ ಮುಂಚಿನ ಅಳತೆ, ಆಮೇಲಿನ ಅಳತೆ ಎರಡೂ ಇರೋ ಪ್ರಿಂಟ್ ಕೇಳಿ. ಪ್ರಿಂಟರ್ ಕೆಟ್ಟಿದೆ ಅಂದರೆ ಪರದೆಯ ಫೋಟೋ ಮೊಬೈಲ್‌ನಲ್ಲಿ ತಗೊಳ್ಳಿ. ಬಹಳ ಮಷಿನ್‌ಗಳಲ್ಲಿ ಹಸಿರು ಅಂದ್ರೆ ಮಿತಿಯೊಳಗೆ, ಕೆಂಪು ಅಂದ್ರೆ ಹೊರಗೆ. ಮೇಲ್ಗಡೆ ಗಾಡಿಯ ಮಾಡೆಲ್ ಸರಿ ಆರಿಸಿದ್ದಾರಾ ಅದನ್ನೂ ನೋಡಿ, ಬೇರೆ ಮಾಡೆಲ್ ಆರಿಸಿದ್ದರೆ ಹಸಿರಿಗೂ ಅರ್ಥ ಇಲ್ಲ. 0°30' ಅಂತ ಬರೆದಿದ್ದರೆ ಅದು ಅರ್ಧ ಡಿಗ್ರಿ, ಒಂದು ಡಿಗ್ರಿಗೆ 60 ಮಿನಿಟ್. ಪಾಯಿಂಟ್ ಮೂರು ಅಂತ ಓದ್ಕೋಬೇಡಿ.

ಸಾಮಾನ್ಯವಾಗಿ 5,000ದಿಂದ 10,000 ಕಿ.ಮೀ.ಗೆ ಒಮ್ಮೆ ತಪಾಸಣೆ ಮಾಡಿಸಿ ಅಂತಾರೆ. ನಮ್ಮ ರಸ್ತೆಗೆ ಕೆಳಗಿನ ಅಂಕಿಯೇ ಸರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯಲ್ಲಿ ರಸ್ತೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟುವಂಗೆ ಇರಬೇಕು ಅಂತಿದೆ. ನಮ್ಮ ಹಳ್ಳಿಗಳಲ್ಲಿ ಮನೆ ಮುಂದೆ ಹಾಕ್ಕೊಂಡಿರೋ ಹಂಪ್‌ಗಳು ಒಂದು ಮೊಳ ಅಗಲ, ಗೇಣು ಎತ್ತರ. ಮಕ್ಕಳ ಜೀವ ಉಳಿಸೋಕೆ ಹಾಕಿದ್ದು ನಿಜ, ಯಾರನ್ನೂ ಬೈಯೋ ಹಂಗಿಲ್ಲ, ಆದರೆ ಅದರ ಮೇಲೆ ಒಂದು ಸಲ ಜೋರಾಗಿ ಹಾರಿದರೆ ಕೋನ ತಪ್ಪೋಕೆ ಅಷ್ಟು ಸಾಕು. ದೊಡ್ಡ ಗುಂಡಿಗೆ ಬಿದ್ದರೆ, ಟೈ ರಾಡ್ ಅಥವಾ ಸಸ್ಪೆನ್ಷನ್ ಭಾಗ ಬದಲಿಸಿದರೆ, ಹೊಸ ಟೈರ್ ಹಾಕಿಸಿದರೆ ಕಿ.ಮೀ. ಲೆಕ್ಕ ನೋಡದೆ ಅಳತೆ ಮಾಡಿಸಿ.

ಕಾನೂನಿನ ವಿಷಯವೂ ಇದೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಟೈರಿನ ಹೂವಿನ ಆಳ ಕಾರು, ಸರಕು ಗಾಡಿಗಳಿಗೆ ಕನಿಷ್ಠ 1.6 ಮಿ.ಮೀ., ಬೈಕು, ಆಟೋಗಳಿಗೆ 0.8 ಮಿ.ಮೀ. ಇರಬೇಕು. ಗೆರೆಗಳ ನಡುವೆ ಸಣ್ಣ ಉಬ್ಬು ಇರುತ್ತೆ, ಸವೆದು ಅದರ ಮಟ್ಟಕ್ಕೆ ಬಂದರೆ ಟೈರ್ ಮುಗಿದಂಗೆ. ಹೊರ ಅಂಚಲ್ಲಿ ಅದು ಕಾಣದೆ ಇರಬಹುದು. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಗಾಡಿ ನಿಲ್ಲಿಸಿದರೆ ಮುಂದಿನ ಟೈರಿನ ಒಳ ಅಂಚು ಹೊರಗೆ ಬರುತ್ತೆ, ಮೊಬೈಲ್ ಟಾರ್ಚ್ ಹಿಡಿದು ನೋಡಬಹುದು. ಎರಡು ನಿಮಿಷದ ಕೆಲಸ. ನಮ್ಮ ಮಾವ ಈಗ ಪ್ರತಿ ಸೋಮವಾರ ಗಾಡಿಗೆ ಊದುಬತ್ತಿ ಬೆಳಗೋ ಹೊತ್ತಿಗೆ ಅದನ್ನೂ ನೋಡ್ತಾರೆ.